ಗಾಯ ಮುಟ್ಟಿದವನ ಗುಡ್ಡ

ನಸುಕಿನ ನಾಲ್ಕೂವರೆಗೆ ಮದ್ರಾಸಿನ ಸಾಂತೋಮಿನ ಕಡಲು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. 2025ರ ಮಾರ್ಚ್ 28, ತಪಸ್ಸು ಕಾಲದ ಮೂರನೇ ವಾರದ ಶುಕ್ರವಾರ. ಬೆಸಿಲಿಕಾದ ಗೇಟಿನ ಹೊರಗೆ ನಿಂತು ಶಿಲುಬೆಯ ಗುರುತು ಹಾಕಿಕೊಂಡೆ. ಬಿಳಿ ಗೋಪುರದ ತುದಿ ಕತ್ತಲೆಯಲ್ಲಿ ಅರ್ಧ ಕರಗಿತ್ತು. ಹೆಗಲ ಚೀಲದಲ್ಲಿ ಎರಡು ಬಾಟಲಿ ನೀರು, ಗಾಜ್ ಬಟ್ಟೆ, ಬ್ಯಾಂಡೇಜಿನ ಮೂರು ಸುರುಳಿ, ಅಯೋಡಿನ್, ಸಣ್ಣ ಕತ್ತರಿ, ಅವ್ವನ ಕರಿಮಣಿಯ ಜಪಸರ. ಇಲ್ಲಿಂದ ಪರಂಗಿಮಲೈ ಗುಡ್ಡದ ತುದಿಗೆ ಸುಮಾರು ಹನ್ನೆರಡು ಕಿಲೋಮೀಟರು. ವರ್ಷಕ್ಕೊಮ್ಮೆ, ತಪಸ್ಸು ಕಾಲದ ಒಂದು ಶುಕ್ರವಾರ ನಾನು ಈ ದಾರಿ ನಡೆಯುತ್ತೇನೆ. ಅವತ್ತು ಒಪ್ಪೊತ್ತು, ಬೆಟ್ಟ ಇಳಿದ ಮೇಲೇ ಊಟ.

ನಾನು ನರ್ಸ್. ಮೂವತ್ನಾಲ್ಕು ವರ್ಷ ಈ ಊರಿನ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ದುಡಿದೆ. ಅದರಲ್ಲಿ ಹೆಚ್ಚಿನ ಪಾಲು ಕಾಲುಗಳ ಜತೆಗೇ ಕಳೆಯಿತು. ಸಕ್ಕರೆ ಕಾಯಿಲೆಯ ಕಾಲು, ಮೊಳೆ ಚುಚ್ಚಿದ ಕಾಲು, ಆಗಸ್ಟ್ ತಿಂಗಳಲ್ಲಿ ಕಾವಿ ಬಟ್ಟೆಯುಟ್ಟು ವೇಳಾಂಕಣಿಗೆ ನಡೆಯುವವರ ಬೊಬ್ಬೆಯೆದ್ದ ಕಾಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು: ಗಾಯವನ್ನು ದೂರದಿಂದ ನೋಡಿ ಬರೆಯಬೇಡ, ಅಂಚನ್ನು ಬೆರಳಿನಿಂದ ಮುಟ್ಟಿ ನೋಡು, ಬಿಸಿ ಇದೆಯಾ, ಮೆತ್ತಗಿದೆಯಾ, ಒಳಗೆ ಎಷ್ಟು ಆಳ ಹೋಗಿದೆ ತಿಳಿ. ಆ ಮಾತು ಕಲಿತ ದಿನದಿಂದ ಸಂತ ತೋಮಾಸರ ಮೇಲೆ ಜನ ಹೊರಿಸುವ ಅಪವಾದ ನನಗೆ ಹಿಡಿಸದಾಯಿತು. ಸಂದೇಹದ ತೋಮ ಅನ್ನುತ್ತಾರೆ. ಎದ್ದು ಬಂದ ಪ್ರಭುವಿನ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲಾರೆ ಅಂದನಂತೆ, ಅಷ್ಟೇ ಅವನ ಕಥೆ ಎಂಬಂತೆ. ಅದೇ ಯೋವಾನ್ನನ ಶುಭಸಂದೇಶದಲ್ಲಿ ಅದಕ್ಕೂ ಮೊದಲು, ಲಾಜರ ಸತ್ತನೆಂದು ಪ್ರಭು ಹೇಳಿದಾಗ, ಉಳಿದ ಶಿಷ್ಯರು ಕಲ್ಲೇಟಿಗೆ ಹೆದರಿ ಹಿಂಜರಿಯುತ್ತಿರುವಾಗ, ನಡೆಯಿರಿ, ಆತನ ಜತೆ ನಾವೂ ಹೋಗಿ ಸಾಯೋಣ ಎಂಬ ಅರ್ಥದ ಮಾತಾಡಿದವನೂ ಇದೇ ತೋಮ. ಸಾವಿನ ಕಡೆಗೆ ನಡೆಯಲು ಮೊದಲು ಕಾಲು ಎತ್ತಿದವನು ಗಾಯ ಮುಟ್ಟಲು ಬಯಸಿದರೆ ಅದನ್ನು ಅಪನಂಬಿಕೆ ಅನ್ನಲು ನನಗೆ ಬಾಯಿ ಬಾರದು. ಪ್ರೀತಿಯಿದ್ದವರೇ ಗಾಯ ಮುಟ್ಟುವುದು.

ನಾನು ಹುಟ್ಟಿದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ, ಅರ್ಕಾವತಿಯ ಮಗ್ಗುಲಲ್ಲಿ. ಕಥೋಲಿಕರ ಹಳೆಯ ಊರು. ಹಣೆಗೆ ಬೂದಿ ಬಿದ್ದ ಬುಧವಾರದಿಂದ ಅವ್ವ ಮುಡಿಗೆ ಹೂ ಮುಡಿಯುತ್ತಿರಲಿಲ್ಲ. ಬಾಡಿನ ಮಡಕೆ ಅಟ್ಟ ಸೇರುತ್ತಿತ್ತು. ಮದುವೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ಶುಕ್ರವಾರ ಸಂಜೆ ಶಿಲುಬೆ ಹಾದಿ, ಆಮೇಲೆ ಒಂದು ಮುದ್ದೆ, ಹುಳಿಸಾರು. ಶುಭ ಶುಕ್ರವಾರ ಬಂತೆಂದರೆ ಊರಿಗೆ ಊರೇ ಕಪಾಲಬೆಟ್ಟದ ಕಡೆ. ಕಪಾಲವೆಂದರೆ ತಲೆಬುರುಡೆ; ಗೊಲ್ಗೊಥಾ ಎಂಬ ಮಾತಿಗೂ ಅದೇ ಅರ್ಥ. ರಾತ್ರಿ ಊರವರೇ ಪಾತ್ರ ಕಟ್ಟಿ ಆಡುವ ಮಹಿಮೆ ನಾಟಕಕ್ಕೆ ನೂರು ವರ್ಷಕ್ಕೂ ಮಿಕ್ಕ ವಯಸ್ಸು. ಅವ್ವ ಬರಿಗಾಲಲ್ಲಿ ಹತ್ತುತ್ತಿದ್ದಳು. ಒಂದು ಸಲ ಜಾಲಿಮುಳ್ಳು ಹಿಮ್ಮಡಿಗೆ ಹೊಕ್ಕಿತು. ಅಲ್ಲೇ ಕೂತು ಪಿನ್ನಿನಿಂದ ತೆಗೆದು, ಮುಳ್ಳನ್ನು ಬಿಸಾಡದೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು. ಯಾಕವ್ವಾ ಅಂದರೆ ಹೇಳಲಿಲ್ಲ. ನಾನು ಆಗ ಎಂಟು ವರ್ಷದವಳು.

1986ರಲ್ಲಿ ಕೆಲಸ ಸಿಕ್ಕಿ ಮದ್ರಾಸಿಗೆ ಬಂದಾಗ ಬೆಟ್ಟವಿಲ್ಲದ ತಪಸ್ಸು ಕಾಲ ಹೇಗೆ ಕಳೆಯಲಿ ಎಂಬ ಚಿಂತೆ ಹತ್ತಿತ್ತು. ಅದೇ ವರ್ಷ ಫೆಬ್ರವರಿ 5ರಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು ಸಾಂತೋಮಿಗೂ ಪರಂಗಿಮಲೈಗೂ ಬಂದು ಹೋಗಿದ್ದರು. ಹಾಸ್ಟೆಲಿನ ಹುಡುಗಿಯರ ಬಾಯಲ್ಲಿ ಅದೇ ಮಾತು. ಹಾಗೆ ನನಗೆ ಈ ದಾರಿ ಸಿಕ್ಕಿತು.

ದಾರಿ ಹನ್ನೆರಡು ಕಿಲೋಮೀಟರಿನದಾದರೂ ಇಲ್ಲಿಗೆ ಬಂದವರ ನಡಿಗೆ ಬಹಳ ಉದ್ದದ್ದು. ವೆನಿಸಿನ ಮಾರ್ಕೋ ಪೋಲೋ 1290ರ ದಶಕದ ಮೊದಲ ವರ್ಷಗಳಲ್ಲಿ ಈ ಕರಾವಳಿಯಲ್ಲಿದ್ದ. ಸಂತ ತೋಮಾಸರ ಗೋರಿಯಿರುವ ಊರು ಚಿಕ್ಕದು, ವ್ಯಾಪಾರಿಗಳು ಅತ್ತ ಹೋಗುವುದು ಅಪರೂಪ, ಆದರೂ ಕ್ರೈಸ್ತರೂ ಮುಸಲ್ಮಾನರೂ ಯಾತ್ರೆಗೆ ಬರುತ್ತಾರೆ ಎಂದು ಅವನ ಪುಸ್ತಕ ಹೇಳುತ್ತದೆ. ಮುಂದಿನ ಮಾತು ನನ್ನ ಕಸುಬಿಗೆ ಹತ್ತಿರದ್ದು. ಯಾತ್ರಿಕರು ಸಂತ ಪ್ರಾಣಬಿಟ್ಟ ಜಾಗದ ಕೆಂಪು ಮಣ್ಣನ್ನು ಭಕ್ತಿಯಿಂದ ಊರಿಗೆ ಒಯ್ಯುತ್ತಿದ್ದರು. ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಮರುಕಳಿಸುವ ಜ್ವರ ಬಂದವರಿಗೆ ಅದನ್ನು ಕುಡಿಸುತ್ತಿದ್ದರು. ಮಾರ್ಕೋ ತಾನೂ ಅಷ್ಟು ಮಣ್ಣನ್ನು ವೆನಿಸಿಗೆ ಕೊಂಡೊಯ್ದನೆಂದು ಪುಸ್ತಕದ ಕೆಲವು ಪ್ರತಿಗಳಲ್ಲಿದೆ. ಮರುಕಳಿಸುವ ಜ್ವರವೆಂದರೆ ಮಲೇರಿಯ, ಮಣ್ಣು ಅದಕ್ಕೆ ಮದ್ದಲ್ಲ. ನರ್ಸಾಗಿ ಇಷ್ಟು ಹೇಳಲೇಬೇಕು. ಆದರೆ ಏಳು ನೂರು ವರ್ಷದ ಹಿಂದೆ ಯಾರೋ ಒಬ್ಬ ತಂದೆ, ಮನೆಯಲ್ಲಿ ಮಗು ನಡುಗುತ್ತಾ ಮಲಗಿರುವಾಗ, ತಿಂಗಳುಗಟ್ಟಲೆ ನಡೆದು ಬಂದು ಇಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡಿರಬಹುದು. ಆ ಹಿಡಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಐ.ಸಿ.ಯು. ಬಾಗಿಲಲ್ಲಿ ಅಂಥ ಮುಚ್ಚಿದ ಮುಷ್ಟಿಗಳನ್ನು ಎಷ್ಟು ನೋಡಿಲ್ಲ.

ಸಾಂತೋಮಿನ ಬೆಸಿಲಿಕಾದ ಗೋರಿಯೊಳಗೆ ಏನಿದೆ ಎಂದು ಕೇಳುವವರಿಗೆ ಉತ್ತರ ಸರಳವಿಲ್ಲ. ಸಂತ ತೋಮಾಸರು ಕ್ರಿ.ಶ. 52ರಲ್ಲಿ ಕೇರಳದ ಕರೆಗೆ ಬಂದು 72ರಲ್ಲಿ ಇಲ್ಲಿ ಈಟಿ ತಿವಿತಕ್ಕೆ ಪ್ರಾಣಬಿಟ್ಟರು ಎಂಬುದು ಸಂಪ್ರದಾಯ. ಎಲುಬುಗಳು ಬಹು ಹಿಂದೆಯೇ ಎದೆಸ್ಸಾ ಪಟ್ಟಣ ಸೇರಿದ್ದವು. 384ರಲ್ಲಿ ಎಜೇರಿಯಾ ಎಂಬ ಹೆಂಗಸು ಪಶ್ಚಿಮದ ತುದಿಯಿಂದ ಹೊರಟು ಎದೆಸ್ಸಾದ ತೋಮಾಸರ ಗುಡಿಗೆ ಹೋಗಿ ಪ್ರಾರ್ಥಿಸಿದ್ದನ್ನು ಬರೆದಿಟ್ಟಿದ್ದಾಳೆ. ಜೆರುಸಲೇಮಿನಲ್ಲಿ ಆಗ ತಪಸ್ಸು ಕಾಲ ಎಂಟು ವಾರ ನಡೆಯುತ್ತಿತ್ತೆಂದೂ ಅವಳಿಂದಲೇ ನಮಗೆ ಗೊತ್ತು. ಹದಿನಾರು ಶತಮಾನದ ಹಿಂದಿನ ಆ ಯಾತ್ರಿಕಳನ್ನು ನಾನು ಪ್ರತಿ ವರ್ಷ ಮನಸ್ಸಿನಲ್ಲಿ ಜತೆ ಕರೆದುಕೊಳ್ಳುತ್ತೇನೆ. ಎಲುಬುಗಳು ಮುಂದೆ 1258ರಲ್ಲಿ ಇಟಲಿಯ ಒರ್ತೋನಾ ತಲುಪಿದವು. ಹಾಗಿದ್ದೂ ಮೈಲಾಪುರದ ಈ ಗೋರಿಗೆ ಜನ ಬರುವುದು ನಿಲ್ಲಲಿಲ್ಲ. 1517ರಲ್ಲಿ ಪೋರ್ಚುಗೀಸರಿಗೆ ಈ ಜಾಗ ತೋರಿಸಿದ್ದು ಒಬ್ಬ ಅರ್ಮೇನಿಯನ್ ವ್ಯಾಪಾರಿ. 1523ರಲ್ಲಿ ಅವರು ಅಗೆದಾಗ ಎಲುಬಿನ ತುಂಡುಗಳು, ಈಟಿಯ ಮೊನೆ, ಮಣ್ಣು ತುಂಬಿದ ಒಂದು ಗಡಿಗೆ ಸಿಕ್ಕವೆಂದು ಬರೆದರು. ಮತ್ತೆ ಮಣ್ಣು. 1545ರಲ್ಲಿ ಫ್ರಾನ್ಸಿಸ್ ಜೇವಿಯರ್ ಸುಮಾರು ನಾಲ್ಕು ತಿಂಗಳು ಇಲ್ಲಿದ್ದು, ರಾತ್ರಿ ಹೊತ್ತು ಗೋರಿಯ ಬಳಿ ಪ್ರಾರ್ಥಿಸಿ, ಮುಂದಿನ ದಾರಿ ಯಾವುದೆಂದು ಕೇಳಿಕೊಂಡು, ಮಲಾಕ್ಕಾಕ್ಕೆ ಹಡಗು ಹತ್ತಿದ. ಈಗಿನ ಗೋಥಿಕ್ ಕಟ್ಟಡ 1896ರದ್ದು.

ಕಚೇರಿ ರಸ್ತೆಯಲ್ಲಿ ಪಶ್ಚಿಮಕ್ಕೆ ನಡೆದರೆ ಬೇಗನೆ ಕಪಾಲೀಶ್ವರನ ಕೆರೆ. ಅವತ್ತು ಪಂಗುನಿ ಉತ್ಸವಕ್ಕೆ ಚಪ್ಪರದ ಗಳ ಇಳಿಸುತ್ತಿದ್ದರು. ನನ್ನೂರಿನ ಬೆಟ್ಟಕ್ಕೂ ಈ ಗುಡಿಯ ದೇವರಿಗೂ ಒಂದೇ ಹೆಸರು, ಕಪಾಲ. ಹಳೆಯ ಕಪಾಲೀಶ್ವರ ಗುಡಿ ಕಡಲ ದಂಡೆಯಲ್ಲಿತ್ತು, ಪೋರ್ಚುಗೀಸರ ಕಾಲದಲ್ಲಿ ಹಾಳಾಯಿತು, ಈಗಿನದು ಆಮೇಲೆ ಒಳನಾಡಿಗೆ ಸರಿಸಿ ಕಟ್ಟಿದ್ದು ಎಂಬುದು ಮೈಲಾಪುರದವರ ನೆನಪು. ಹಳೆಯ ಗುಡಿಯ ಕಲ್ಲುಗಳು, ಶಾಸನದ ತುಂಡುಗಳು ಸಾಂತೋಮಿನ ಸುತ್ತ ಸಿಕ್ಕಿರುವುದೂ ನಿಜ. ತಪಸ್ಸು ಕಾಲ ಪಾಪನಿವೇದನೆಯ ಕಾಲ. ಸ್ವಂತ ಪಾಪವನ್ನು ಮಾತ್ರ ಹೇಳಿಕೊಂಡು ಎದ್ದು ಬರುವುದು ನನಗೆ ಸಾಲದು. ನನ್ನ ಸಂತನ ಗೋರಿಯನ್ನು ಗೌರವಿಸಿದವರೇ ನೆರೆಯವರ ಗುಡಿಗೆ ಗಾಯ ಮಾಡಿದ್ದರೆ ಆ ಗಾಯದ ಅಂಚನ್ನೂ ನಾನು ಮುಟ್ಟಬೇಕು. ಕೆರೆಯ ಕಟ್ಟೆ ಬಳಿ ಒಂದು ಜಪಮಣಿಯಷ್ಟು ಹೊತ್ತು ನಿಂತೆ. ಹೂ ಕಟ್ಟುವ ಹೆಂಗಸೊಬ್ಬಳು ನನ್ನ ಚೀಲ, ಜಪಸರ ನೋಡಿ, ಮಲೈಗಾ ಎಂದು ಕೇಳಿದಳು. ಹೌದಮ್ಮ ಅಂದೆ. ಬಿಸಿಲು ಏರೋಕೆ ಮುಂಚೆ ಸೇತುವೆ ದಾಟು ಅಂದಳು.

ಲಸ್ ಇಗರ್ಜಿ, 1516ರದ್ದು, ತಮಿಳರ ಬಾಯಲ್ಲಿ ಕಾಟ್ಟುಕೋಯಿಲ್, ಕಾಡಿನ ಗುಡಿ. ಈಗ ಸುತ್ತ ಕಾಡಿಲ್ಲ. ಅಲ್ಲಿಂದ ಆಳ್ವಾರಪೇಟೆ, ಎಲ್ಡಮ್ಸ್ ರಸ್ತೆ, ತೇನಾಂಪೇಟೆಯಲ್ಲಿ ಅಣ್ಣಾ ಸಾಲೈ. ಇಲ್ಲಿಂದ ನಂದನಂವರೆಗೆ ನಡಿಗೆ ಒಣ ನಡಿಗೆ. ಬಸ್ಸುಗಳ ಹೊಗೆ, ಅಗೆದ ಕಾಲುದಾರಿ, ಮುಚ್ಚಿದ ಅಂಗಡಿಗಳು. ದೇವರ ನೆನಪು ಬರುವುದಿಲ್ಲ, ಬಲ ಮಂಡಿಯ ನೆನಪು ಬರುತ್ತದೆ. ಮೊದಮೊದಲು ಇದರಿಂದ ನನಗೆ ದುಃಖವಾಗುತ್ತಿತ್ತು. ಯಾತ್ರೆಯೆಂದರೆ ಹೆಜ್ಜೆ ಹೆಜ್ಜೆಗೂ ಒಳಗೆ ಏನೋ ಉಕ್ಕಬೇಕು ಅಂದುಕೊಂಡಿದ್ದೆ. ಈಗ ಆ ಒಣ ದಾರಿಯನ್ನೇ ಹೆಚ್ಚು ನಂಬುತ್ತೇನೆ. ಬಾಯಿಗೆ ಪ್ರಾರ್ಥನೆ ಬಾರದಾಗ ಕಾಲು ಪ್ರಾರ್ಥಿಸುತ್ತಿರುತ್ತದೆ. ಮರಿಯಮ್ಮನಿಗೆ ನಮೋ ಎನ್ನುವುದನ್ನು ಹೆಜ್ಜೆಗೆ ಹೊಂದಿಸಿಕೊಂಡು, ಹತ್ತಕ್ಕೊಂದು ದೊಡ್ಡ ಮಣಿ ಬೆರಳಿಗೆ ಸಿಕ್ಕಾಗ ಒಂದು ಗುಟುಕು ನೀರು.

ಸೈದಾಪೇಟೆಗೆ ಬಂದಾಗ ಬೆಳಕಾಗಿತ್ತು. ಇಲ್ಲಿ ಅಡ್ಯಾರ್ ನದಿ. ನನ್ನ ಯಾತ್ರೆಯಲ್ಲಿ ಗುಡ್ಡಕ್ಕಿಂತ ಈ ಸೇತುವೆಯ ಬಳಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಈಗಿನದು ಮರೈಮಲೈ ಅಡಿಗಳ ಹೆಸರಿನ ಕಾಂಕ್ರೀಟು ಸೇತುವೆ, 1960ರ ದಶಕದ್ದು. ಅದಕ್ಕೂ ಮೊದಲು ಇಲ್ಲಿ ಮಾರ್ಮಲಾಂಗ್ ಸೇತುವೆ ಇತ್ತು, ಕಲ್ಲಿನ ಕಮಾನುಗಳದ್ದು. ಮಾಂಬಲಂ ಎಂಬ ಊರಿನ ಹೆಸರು ಪರದೇಶಿಗಳ ನಾಲಗೆಯಲ್ಲಿ ಹಾಗಾಯಿತು. ಕಟ್ಟಿಸಿದವನು ಕೋಜಾ ಪೆಟ್ರುಸ್ ಉಸ್ಕಾನ್, ಅರ್ಮೇನಿಯನ್ ವ್ಯಾಪಾರಿ. 1726. ಸೇತುವೆಗೆ 30,000 ವರಹ, ಮುಂದೆ ಅದರ ಉಸ್ತುವಾರಿಗೆಂದು 1,500 ವರಹ. ಮಳೆಗಾಲದಲ್ಲಿ ಅಡ್ಯಾರ್ ತುಂಬಿದರೆ ಗುಡ್ಡಕ್ಕೆ ಹೋಗುವ ಯಾತ್ರಿಕರು ದಡದಲ್ಲೇ ಕಾಯಬೇಕಿತ್ತು. ಅದಕ್ಕೇ ಸೇತುವೆ. ಅಷ್ಟಕ್ಕೂ ನಿಲ್ಲದೆ ಪರಂಗಿಮಲೈ ಹತ್ತುವವರಿಗೆ 160 ಕಲ್ಲಿನ ಮೆಟ್ಟಿಲನ್ನೂ ಕಟ್ಟಿಸಿದನೆಂದು ಮದ್ರಾಸಿನ ಚರಿತ್ರೆ ಬರೆದವರು ಹೇಳುತ್ತಾರೆ. ಹಳೆಯ ಸೇತುವೆ ಹೋಗಿದೆ. ಅವನು ಹಾಕಿಸಿದ ಕಲ್ಲುಫಲಕ ಸೈದಾಪೇಟೆ ಕಡೆಯ ತುದಿಯಲ್ಲಿ ಇನ್ನೂ ಇದೆ, ಪಾರಸಿ, ಅರ್ಮೇನಿಯನ್, ಲ್ಯಾಟಿನ್ ಅಕ್ಷರಗಳಲ್ಲಿ. ಮೂರೂ ನನಗೆ ಓದಲು ಬಾರದು. ಬೆರಳಿನಿಂದ ಸವರಿ ಮುಂದೆ ಹೋಗುತ್ತೇನೆ.

ಉಸ್ಕಾನನ ಜನ ಪರ್ಷಿಯಾದ ಹೊಸ ಜುಲ್ಫಾದವರು. ಅದಕ್ಕೆ ಹೊಸ ಜುಲ್ಫಾ ಎಂಬ ಹೆಸರು ಬಂದದ್ದು ಹಳೆಯ ಜುಲ್ಫಾ ಇಲ್ಲವಾದದ್ದರಿಂದ. 1604ರಲ್ಲಿ ಷಾ ಅಬ್ಬಾಸ್, ಒಟ್ಟೋಮನ್ನರ ಜತೆಗಿನ ಯುದ್ಧದ ನಡುವೆ, ಅರಸ್ ನದಿಯ ದಂಡೆಯ ಆ ಅರ್ಮೇನಿಯನ್ ಪಟ್ಟಣವನ್ನು ಬರಿದು ಮಾಡಿಸಿ, ಜನರನ್ನು ಇಸ್ಫಹಾನಿನ ಕಡೆಗೆ ನಡೆಸಿಕೊಂಡು ಹೋದ. ಊರುಗಳಿಂದ ಒಕ್ಕಲೆಬ್ಬಿಸಿದ ಅರ್ಮೇನಿಯನ್ನರು ಅರಸ್ ನದಿ ದಾಟುವಾಗ ಎಷ್ಟೋ ಮಂದಿ ನೀರುಪಾಲಾದರು. ಇದು ಉಸ್ಕಾನ್ ಹುಟ್ಟುವುದಕ್ಕೆ ತಲೆಮಾರುಗಳ ಹಿಂದಿನ ಮಾತು. ಆದರೆ ಅಂಥ ಕಥೆಗಳು ಮನೆಯಲ್ಲಿ ಸಾಯುವುದಿಲ್ಲ, ಅಜ್ಜಿಯರು ಸಾಯಲು ಬಿಡುವುದಿಲ್ಲ. ಮನಿಲಾದಿಂದ ಮದ್ರಾಸಿನವರೆಗೆ ವ್ಯಾಪಾರ ಮಾಡಿ ಹಣ ಕೂಡಿಸಿದ ಒಬ್ಬ ಜುಲ್ಫಾದವನು, ಪರರಾಜ್ಯದಲ್ಲಿ, ತನ್ನವರಲ್ಲದ ಜನರ ಕಾಲು ಒದ್ದೆಯಾಗದಿರಲಿ ಎಂದು ನದಿಗೆ ಸೇತುವೆ ಕಟ್ಟಿಸುತ್ತಾನೆ. ಎರಡು ನದಿಗಳ ನಡುವಿನ ಈ ಗಂಟನ್ನು ಯಾವ ದಾಖಲೆಯೂ ಕಟ್ಟಿಲ್ಲ, ಕಟ್ಟಿದವಳು ನಾನು. ಆದರೂ ಆ ಫಲಕದ ಮೇಲೆ ಬೆರಳಿಟ್ಟಾಗಲೆಲ್ಲ ಕಲ್ಲಿನ ಕೆಳಗೆ ಅರಸ್ ಹರಿಯುತ್ತಿದೆ ಅನಿಸುತ್ತದೆ.

1746ರಲ್ಲಿ ಫ್ರೆಂಚರು ಮದ್ರಾಸ್ ಹಿಡಿದಾಗ ಉಸ್ಕಾನನ ಆಸ್ತಿ ಜಪ್ತಿಯಾಯಿತು. ಪುದುಚೇರಿಗೆ ಬಂದು ನೆಲೆಸಿದರೆ ಹಿಂತಿರುಗಿಸುತ್ತೇವೆ ಅಂದರು. ಅವನು ಹೋಗಲಿಲ್ಲ. 1751ರಲ್ಲಿ ತೀರಿಕೊಂಡ. ದೇಹ ವೇಪೇರಿಯಲ್ಲಿ ಮಣ್ಣಾಯಿತು. ಹೃದಯವನ್ನು ಮಾತ್ರ, ಅವನೇ ಬಯಸಿದಂತೆ, ಪೆಟ್ಟಿಗೆಯಲ್ಲಿಟ್ಟು ಜುಲ್ಫಾಕ್ಕೆ ಕಳಿಸಿದರು. ಹೊರನಾಡಿನಲ್ಲಿ ನಲವತ್ತು ವರ್ಷ ಬಾಳಿದ ನನ್ನಂಥವಳಿಗೆ ಈ ಸಂಗತಿಗೆ ವಿವರಣೆ ಬೇಡ.

2015ರ ಡಿಸೆಂಬರಿನ ನೆರೆಯಲ್ಲಿ ಇದೇ ಅಡ್ಯಾರ್ ಸೊಕ್ಕಿ, ಸೈದಾಪೇಟೆಯ ಈ ಸೇತುವೆಯ ಸಂಚಾರವೇ ನಿಂತಿತ್ತು. ದಂಡೆಯ ಗುಡಿಸಲುಗಳವರು ಒದ್ದೆ ಬಟ್ಟೆಯಲ್ಲಿ ನಮ್ಮ ವಾರ್ಡಿಗೆ ಬಂದರು. ಕೊಳಚೆ ನೀರಲ್ಲಿ ದಿನಗಟ್ಟಲೆ ನಿಂತು ಬೆಳ್ಳಗೆ ಬಿರಿದ ಕಾಲುಗಳು. ಆ ಎರಡು ವಾರ ಕಾಲು ತೊಳೆದದ್ದೇ ತೊಳೆದದ್ದು. ಪವಿತ್ರ ಗುರುವಾರ ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಅದರ ಅರ್ಥ ಕೈಗೆ ಹತ್ತಿದ್ದು ಆ ಡಿಸೆಂಬರಿನಲ್ಲಿ.

ಸೇತುವೆ ದಾಟಿದೊಡನೆ ಚಿನ್ನಮಲೈ, ಚಿಕ್ಕ ಗುಡ್ಡ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ತೋಮಾಸರು ಅಡಗಿದ್ದರೆಂದು ಹೇಳುವ ಗವಿ, ಅದರ ಮೇಲೆ 1551ರಲ್ಲಿ ಪೋರ್ಚುಗೀಸರು ಕಟ್ಟಿದ ಇಗರ್ಜಿ. ಗವಿಯ ಕಲ್ಲಿನಲ್ಲಿ ಒಂದು ಕೈಗುರುತು. ಸಂತರದ್ದೆಂದು ಭಕ್ತರ ನಂಬಿಕೆ. ಬಂದವರೆಲ್ಲ ಅದರೊಳಗೆ ತಮ್ಮ ಕೈ ಇಡುತ್ತಾರೆ. ಗಾಯ ಮುಟ್ಟಲು ಕೈ ಚಾಚಿದವನ ಕೈಯನ್ನೇ ಮುಟ್ಟುವ ಆಸೆ. ನಾನೂ ಇಟ್ಟೆ. ಗವಿಯೊಳಗೆ ಬಗ್ಗಿ ಹೋಗಬೇಕು, ನೆಟ್ಟಗೆ ನಿಂತವರಿಗೆ ಅಲ್ಲಿ ಜಾಗವಿಲ್ಲ.

ಗಿಂಡಿ, ಕತ್ತಿಪಾರದ ಮೇಲ್ಸೇತುವೆಯ ಸುರುಳಿಗಳು, ತಲೆಯ ಮೇಲೆ ಮೆಟ್ರೊ. ಎಂಟು ಗಂಟೆಗೇ ಡಾಂಬರು ಕಾದಿತ್ತು. ನಾನು ಚಪ್ಪಲಿ ಹಾಕಿಯೇ ನಡೆಯುತ್ತೇನೆ, ಮೆಟ್ಟಿಲಿನ ಬುಡದಲ್ಲಿ ಮಾತ್ರ ಬಿಡುತ್ತೇನೆ. ಅವ್ವ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿದ್ದೂ ಹರಕೆಯೆಂದು ಬರಿಗಾಲಲ್ಲಿ ನಡೆದು ಬೆರಳು ಕಳೆದುಕೊಂಡವರ ಹಾಸಿಗೆಯ ಬಳಿ ನಿಂತವಳು ನಾನು. ಆ ದೇವರು ಕಾಲು ಕೇಳುವವನಲ್ಲ ಎಂದು ಅವರಿಗೆ ಹೇಳಿದ್ದನ್ನು ನನಗೂ ಹೇಳಿಕೊಳ್ಳಬೇಕು.

ಪರಂಗಿಮಲೈ ಎಂದರೆ ಪರಂಗಿಗಳ, ಫಿರಂಗಿಗಳ ಗುಡ್ಡ. ಮುನ್ನೂರು ಅಡಿ ಎತ್ತರ. ಪಕ್ಕದಲ್ಲೇ ವಿಮಾನ ನಿಲ್ದಾಣ. 1802ರಲ್ಲಿ ಭೂಮಾಪನದ ವಿಲಿಯಂ ಲ್ಯಾಂಬ್ಟನ್ ಈ ಗುಡ್ಡದ ಬುಡದ ಬಯಲಲ್ಲಿ ಸರಪಳಿ ಹಾಸಿ ಏಳೂವರೆ ಮೈಲಿ ಅಳೆಯಲು ತೊಡಗಿದ. ಅದರ ಮೇಲೆಯೇ ಮುಂದೆ ಭಾರತದ ನಕ್ಷೆ ನಿಂತಿತು. ತೊಡಗಿದ್ದು ಏಪ್ರಿಲ್ 10ರಂದು, ಗರಿಗಳ ಭಾನುವಾರದ ಹಿಂದಿನ ದಿನ. ಏಳೂವರೆ ಮೈಲಿಯೆಂದರೆ ಹನ್ನೆರಡು ಕಿಲೋಮೀಟರು, ನನ್ನ ದಾರಿಯಷ್ಟೇ. ಅವನಿಗೆ 57 ದಿನ ಹಿಡಿಯಿತು. ಒಂದೊಂದು ಅಡಿಯನ್ನೂ ಮುಟ್ಟಿ ನೋಡಿದವನು ಅವನೂ.

ತುದಿಯ ಇಗರ್ಜಿ ಕೂಡ 1523ರದ್ದು, ಮಗುವಿನ ನಿರೀಕ್ಷೆಯಲ್ಲಿರುವ ಮಾತೆಗೆ ಅರ್ಪಿತ. ಬಲಿಪೀಠದ ಹಿಂದೆ ಕಲ್ಲಿನಲ್ಲಿ ಕೊರೆದ ಒಂದು ಶಿಲುಬೆ, ಸುತ್ತ ಪಹ್ಲವಿ ಲಿಪಿ. ಪೋರ್ಚುಗೀಸರು ಇಲ್ಲಿಗೆ ಬರುವುದಕ್ಕೆ ಎಷ್ಟೋ ಶತಮಾನ ಮುಂಚೆ ಪರ್ಷಿಯಾದ ಕ್ರೈಸ್ತರು ಈ ಕರಾವಳಿ ತಲುಪಿದ್ದರೆಂಬುದಕ್ಕೆ ಅದೇ ಗುರುತು. 1547ರಲ್ಲಿ ಗುಡ್ಡದ ಮೇಲೆ ಅಗೆಯುವಾಗ ಸಿಕ್ಕಿತು. 1558ರ ಡಿಸೆಂಬರ್ 18ರಂದು ಪೂಜೆ ನಡೆಯುತ್ತಿರುವಾಗ ಅದು ಬೆವರಿತು, ರಕ್ತ ಜಿನುಗಿತು ಎಂದು ನೋಡಿದವರು ಹೇಳಿದರು; ಕೊನೆಯ ಸಲ 1704ರಲ್ಲಿ. ಕಲ್ಲು ಯಾಕೆ ಬೆವರುತ್ತದೆಂದು ವಾದಿಸುವವರ ಜತೆ ನಾನು ವಾದಿಸುವುದಿಲ್ಲ. ಗಾಯದ ಸಂತನ ಗುಡ್ಡದಲ್ಲಿ ಜನ ಕಲ್ಲಿನಲ್ಲೂ ಗಾಯ ಕಂಡರು.

ಅವತ್ತು ನಾನು ತುದಿ ತಲುಪಿದ್ದು ತಡವಾಗಿ. ಮೆಟ್ಟಿಲ ಉದ್ದಕ್ಕೂ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಿವೆ. ಏಳನೆಯದರ ಬಳಿ, ಪ್ರಭು ಎರಡನೇ ಸಲ ಬೀಳುವಲ್ಲಿ, ಒಬ್ಬ ಹೆಂಗಸು ಮೆಟ್ಟಿಲ ಅಂಚಿಗೆ ಕೂತಿದ್ದಳು. ಐವತ್ತೈದು ಇದ್ದೀತು. ರಾಯಪುರಂನಿಂದ ನಡೆದು ಬಂದವಳು, ಮೀನು ಮಾರುವವಳು, ಬರಿಗಾಲು. ಎಡ ಹಿಮ್ಮಡಿಯ ಬೊಬ್ಬೆ ಒಡೆದು ಚರ್ಮ ಸುಲಿದಿತ್ತು. ಚೀಲ ತೆಗೆದೆ. ಬೇಡ ಬೇಡ ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ದೊಡ್ಡವರು ನನ್ನ ಕಾಲು ಹಿಡಿಯಬಾರದು ಅಂದಳು. ಸಕ್ಕರೆ ಇದೆಯಾ ಕೇಳಿದೆ. ಇಲ್ಲ. ನೀರು ಹೊಯ್ದು ಮರಳು ತೊಳೆದೆ. ಅಂಚು ಮುಟ್ಟಿ ನೋಡಿದೆ: ಬಿಸಿಯಿತ್ತು, ಕೀವಿಲ್ಲ. ಅಯೋಡಿನ್ ತಾಗಿದಾಗ ಉಸಿರು ಬಿಗಿಹಿಡಿದಳು. ಗಾಜ್ ಇಟ್ಟು, ಹಿಮ್ಮಡಿಯಿಂದ ಪಾದದ ಮೇಲಕ್ಕೆ ಎಂಟರ ಆಕಾರದಲ್ಲಿ ಸುತ್ತಿ, ಬದಿಯಲ್ಲಿ ಗಂಟು ಹಾಕಿದೆ.

ಯಾವೂರು ನಿಮ್ಮದು, ಮಾತು ಬೇರೆ ಥರ ಇದೆಯಲ್ಲ ಅಂದಳು. ಹಾರೋಬೆಲೆ ಅಂದೆ. ಅವಳಿಗೆ ಗೊತ್ತಿರಲಿಲ್ಲ. ಅಲ್ಲೂ ಇಂಥದೊಂದು ಬೆಟ್ಟ ಇದೆ ಅಂದೆ. ಹಾಗಾದರೆ ಸರಿ ಎಂಬಂತೆ ತಲೆಯಾಡಿಸಿದಳು. ನನ್ನ ಭುಜ ಹಿಡಿದು ಎದ್ದು, ಕಟ್ಟಿದ ಕಾಲನ್ನು ಉಸ್ಕಾನನ ಕಲ್ಲಿನ ಮೇಲೆ ಮೆಲ್ಲಗೆ ಊರಿ, ಭಾರ ತಾಳುತ್ತದಾ ಎಂದು ಒತ್ತಿ ನೋಡಿ, ಮುಂದಿನ ಮೆಟ್ಟಿಲಿಗೆ ಹತ್ತಿದಳು.